ಅಂಗನವಾಡಿ ಗೋಡೆಯ ಹುಡುಗಿ

ಪ್ರೈಮರ್ ನಾಲ್ಕು ಲೀಟರು, ಒಂಬೈನೂರು. ಆರು ಡಬ್ಬಿ ಬಣ್ಣ, ಸಾವಿರದ ಇನ್ನೂರು. ಉಪ್ಪುಕಾಗದ, ಬ್ರಷ್ಷು ಸೇರಿ ಮುನ್ನೂರು. ಇಷ್ಟು ದುಡ್ಡನ್ನೂ ಕೊಟ್ಟವಳು ಜಡಿಗೇನಹಳ್ಳಿಯ ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡುವ ಮುನಿತಾಯಮ್ಮ. ಕೂಲಿ ಬೇಡವೆಂದೆ.

ಇಪ್ಪತ್ತೆರಡು ವರ್ಷದ ಹಿಂದೆ ಅದರ ಹೊರಗೋಡೆಗೆ ಚಿತ್ರದಲ್ಲಿ ಕಥೆ ಬರೆದವನು ನಾನೇ. ಹುಡುಗಿ ರೊಟ್ಟಿ ತಿನ್ನುತ್ತಾಳೆ, ಕಾಗೆ ಬರುತ್ತದೆ, ಕರು ಬರುತ್ತದೆ, ಹಂಚಿಕೊಂಡು ತಿನ್ನುತ್ತಾರೆ. ಹುಡುಗಿಯ ಮುಖಕ್ಕೆಂದು ಎದುರು ನಿಲ್ಲಿಸಿಕೊಂಡದ್ದು ಮುನಿತಾಯಮ್ಮನ ಐದು ವರ್ಷದ ಮಗಳು ಹರ್ಷಿತಳನ್ನು. ಮರುವರ್ಷ ಜ್ವರದಲ್ಲಿ ಮಗು ತೀರಿಕೊಂಡಿತು. ಸತ್ತ ಮಗುವಿನದೇನೂ ಮನೆಯಲ್ಲಿರಬಾರದೆಂದು ಹಿರಿಯರು ಬಟ್ಟೆ, ಬಳೆ, ಇದ್ದೊಂದು ಫೋಟೊ ಎಲ್ಲವನ್ನೂ ಮಗುವಿನ ಜೊತೆಗೇ ಗುಂಡಿಗೆ ಹಾಕಿದರು. ಉಳಿದದ್ದು ಗೋಡೆಯ ಮೇಲಿನ ಮುಖ.

ಈಗ ಅಲ್ಲಿ ಕಾರ್ಟೂನು ಬರೆಸುತ್ತಾರೆಂದು ಸುದ್ದಿಯಾಯಿತು. ಖರ್ಚು ತನ್ನದೆಂದು ಹೇಳಿ, ಹಳೆಯದನ್ನೇ ಹೊಸದು ಮಾಡಿಸಲು ಮುನಿತಾಯಮ್ಮ ಎಲ್ಲರನ್ನೂ ಒಪ್ಪಿಸಿದ್ದಳು.

ಹಳೆಯ ಡಿಸ್ಟೆಂಪರು ಮುಟ್ಟಿದರೆ ಪುಡಿ. ಪುಡಿಯ ಮೇಲೆ ಬಣ್ಣ ನಿಲ್ಲುವುದಿಲ್ಲ. ತೆಳುಕಾಗದ ಇಟ್ಟು ಗೆರೆ ಎತ್ತಿಕೊಂಡೆ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದೆ. ಗೋಡೆ ಉಜ್ಜಿ, ಪ್ರೈಮರ್ ಹೊಡೆದು, ಕಾಗದದ ಮೇಲೆ ಇದ್ದಿಲಪುಡಿ ಕಟ್ಟಿದ ಬಟ್ಟೆಯ ಗಂಟು ತಟ್ಟಿದೆ. ತೂತುಗಳಿಂದ ಗೋಡೆಗೆ ದೊಡ್ಡ ಗೆರೆಗಳು ಇಳಿದವು, ಮುಖದ ಸಣ್ಣ ಗೆರೆಗಳು ಕಲಸಿಹೋದವು. ಒಳಗೆ ಬಣ್ಣ ತುಂಬಬೇಕಾದದ್ದು ನನ್ನ ಕೈ, ಇಪ್ಪತ್ತು ವರ್ಷದಿಂದ ಶಾಲೆಯ ಗೋಡೆಗಳಿಗೆ ನಗುವ ಮಕ್ಕಳನ್ನೇ ಬರೆದ ಕೈ. ಗುಂಡು ಕೆನ್ನೆ, ದೊಡ್ಡ ಕಣ್ಣು ತಾವಾಗಿ ಬಂದವು. ಮೊಬೈಲಿನಲ್ಲಿ ಹಳೆಯದರ ಫೋಟೊ ಇತ್ತು, ಆದರೆ ಇಡೀ ಗೋಡೆ ಬರಲೆಂದು ರಸ್ತೆಯಾಚೆ ನಿಂತು ತೆಗೆದದ್ದು. ದೊಡ್ಡದು ಮಾಡಿದರೆ ಮುಖ ಬರೀ ಚುಕ್ಕೆ.

ಅಂಗನವಾಡಿಯ ಟೀಚರು ರಮ್ಯ ಹೊಗಳಿದಳು: "ಅಣ್ಣಾ, ಸೋಪಿನ ಡಬ್ಬಿ ಮೇಲಿನ ಪಾಪು ಇದ್ದಂಗೈತೆ."

ಮುನಿತಾಯಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಚೆನ್ನಾಗೈತೆ ಕಣಪ್ಪ. ಯಾರ ಮನೆ ಮಗು ಇದು?"

ಗದ್ದ ಚೂಪಾಗಿತ್ತು, ಎಡಗಣ್ಣು ಸಣ್ಣದಿತ್ತು ಎಂದಳು. ಅಳಿಸಿ ಬರೆದೆ. ಅಲ್ಲ ಎಂದಳು. ಇನ್ನೊಮ್ಮೆ ಬರೆದೆ. ಸಂಜೆಯವರೆಗೆ ಮೂರು ಸಲವಾಯಿತು. ಮೂರನೆಯ ಸಲ, ಬಾಯಿ ಹೇಗಿತ್ತು ಹೇಳು ಎಂದರೆ ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದಳು.

"ಬಿಟ್ಬಿಡು ಕಾಂತರಾಜು," ಎಂದಳು ಕೊನೆಗೆ. "ಕಣ್ಮುಚ್ಚಿದ್ರೂ ನೀನ್ ಬರ್ದಿರೋದೇ ಬರ್ತೈತೆ. ಅವ್ಳು ಬರ್ತಿಲ್ಲ."

ನಾನು ಬ್ರಷ್ಷು ತೊಳೆದೆ. ಅವಳು ಪಾತ್ರೆ ತೊಳೆಯಲು ಒಳಗೆ ಹೋದಳು.

ಅಂಗನವಾಡಿಗೆ ಹತ್ತು ವರ್ಷ ಬಾಳುವ ಅಂದದ ಚಿತ್ರ ಸಿಕ್ಕಿತು. ತಾಯಿಗೆ ಮಗಳ ಮುಖ ಹೋಯಿತು, ಗೋಡೆಯಿಂದಲೂ ನೆನಪಿನಿಂದಲೂ.