ಒರತೆ ಮುಚ್ಚಿದವರು

"ಸೊಂಟ ಬಗ್ಗಿಸಿ ಬಡೀರೇ ಮುಂಡೇವಾ. ಸೊಳ್ಳೆ ಹೊಡೆಯೋ ಹಂಗೆ ಬಡಿದ್ರೆ ನೀರು ನಿಲ್ತದಾ?"

ಮೇಸ್ತ್ರಿ ಕಟ್ಟೆಯ ಇಳಿಜಾರಿನಲ್ಲಿ ಕೊಡೆ ಹಿಡಿದು ನಿಂತಿದ್ದ. ಕೆಳಗೆ, ಕಟ್ಟೆಯ ಬುಡದಲ್ಲಿ, ನಮ್ಮ ಓಣಿಯ ಹೆಂಗಸರು ನಮ್ಮದೇ ಕುಡಿಯುವ ನೀರಿನ ಗುಂಡಿಗೆ ಜೇಡಿಮಣ್ಣು ಸುರಿದು ದಿಮ್ಮಸು ಹೊಡೆಯುತ್ತಿದ್ದೆವು. ಹಿಡಿ ಜಡಿದ ಮರದ ದಿಮ್ಮಿ ಅದು. ಇಬ್ಬರು ಒಟ್ಟಿಗೆ ಎತ್ತಬೇಕು, ಒಟ್ಟಿಗೆ ಬಿಡಬೇಕು. ನನಗೆ ಜೋಡಿಯಾಗಿದ್ದವಳು ಪಕ್ಕದ ಮನೆಯವಳು. ಬಾಯಿ ನಿಲ್ಲದ್ದಕ್ಕೆ ಅವಳನ್ನು ಎಲ್ಲರೂ ಗಿರಗಟ್ಲೆ ಅನ್ನುತ್ತಿದ್ದರು. ಮೇಸ್ತ್ರಿಯ ಬುರುಡೆ ಅಂದ್ಕೊಂಡು ಬಡಿಯೇ, ತೋಳು ನೋಯಲ್ಲ ಎಂದು ಅವಳು ಪಿಸುಗುಟ್ಟಿದಳು.

ಆ ಕಟ್ಟೆ ಹಿಡಿದಿಟ್ಟ ನೀರು ಪಟ್ಟಣಕ್ಕೆ ಹೋಗುತ್ತದೆ. ಮಣ್ಣಿನ ಕಟ್ಟೆ, ಮೇಲೆ ಹುಲ್ಲು, ನೆತ್ತಿಯ ಮೇಲೆ ರಸ್ತೆ. ಪಟ್ಟಣದ ನಲ್ಲಿಗಳಿಗೆ ಹೋಗುವ ದಪ್ಪ ಪೈಪು ನಮ್ಮ ಮನೆಗಳ ಹಿಂಬದಿಗೆ ತಾಗಿಕೊಂಡೇ ಹೋಗುತ್ತದೆ; ಕಿವಿಯಿಟ್ಟರೆ ನೀರು ಓಡುವುದು ಕೇಳುತ್ತದೆ. ಕೇಳುವುದಕ್ಕಷ್ಟೇ ಅದು ನಮ್ಮದು. ಅದಕ್ಕೆ ನಮ್ಮ ಓಣಿಯಲ್ಲಿ ಬಾಯಿಲ್ಲ. ಕಟ್ಟೆ ತನ್ನ ಬುಡದಲ್ಲಿ ಬೆವರಿದ್ದು ನಮ್ಮ ಪಾಲು. ನನ್ನ ಅತ್ತೆ ಸೊಸೆಯಾಗಿ ಬಂದ ಕಾಲದಲ್ಲಿ ಆ ಒದ್ದೆಯನ್ನು ಕೈಯಿಂದ ಕೆರೆದು, ಸುತ್ತ ಕಲ್ಲಿಟ್ಟು ಗುಂಡಿ ಮಾಡಿದ್ದಳು. ಕನ್ನಡಿಯಂಥ ನೀರು. ಬೇಸಿಗೆಯಲ್ಲೂ ಬತ್ತಲಿಲ್ಲ, ಮಳೆಯಲ್ಲೂ ಕದಡಲಿಲ್ಲ.

ಈಗ ಅದನ್ನು ಮುಚ್ಚಬೇಕಾಗಿತ್ತು. ಕಟ್ಟೆ ಗಟ್ಟಿಯಿದೆಯೋ ಇಲ್ಲವೋ ನೋಡಲು ರಾಜಧಾನಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಬುಡದಲ್ಲಿ ಒದ್ದೆ ಕಂಡರೆ ನೀರು ಇಳಿಸಿ ಎನ್ನುತ್ತಾರೆ, ಇಳಿಸಿದರೆ ಪಟ್ಟಣ ಬಾಯಿ ಬಡಿದುಕೊಳ್ಳುತ್ತದೆ, ಹೋದ ವರ್ಷ ರಿಪೇರಿ ಆಯಿತೆಂದು ಬರೆದವರ ಕುತ್ತಿಗೆಗೆ ಬರುತ್ತದೆ. ಇದನ್ನೆಲ್ಲ ಕಟ್ಟೆಯ ಉಸ್ತುವಾರಿಯ ಸಣ್ಣ ಸಾಹೇಬ ನಮಗೆ ಹೇಳಲಿಲ್ಲ. ನಮ್ಮ ಎದುರಿಗೇ ಮೇಸ್ತ್ರಿಗೆ ಹೇಳಿದ, ದನದ ಮುಂದೆ ಮಾತಾಡುವ ಹಾಗೆ.

ಮತ್ತೆ ನಾವು ಕುಡಿಯುವುದು ಎಲ್ಲಿಂದ ಎಂದು ಅತ್ತೆ ಕೇಳಿದ್ದಳು.

"ಇಷ್ಟು ದಿನ ಕದ್ದು ಕುಡಿದಿದ್ದಕ್ಕೆ ಕೇಸ್ ಹಾಕಿಲ್ಲ ಅಂತ ಕೈ ಮುಗಿ," ಅಂದಿದ್ದ ಸಣ್ಣ ಸಾಹೇಬ. "ಕಟ್ಟೆ ಬುಡ ಕೆರೆದು ತೂತು ಮಾಡಿದ್ದೇ ನೀವು. ಹೆಗ್ಗಣಗಳು."

ಅತ್ತೆ ಕೈ ಮುಗಿಯಲಿಲ್ಲ. ಮಣ್ಣಿನ ಬುಟ್ಟಿ ಎತ್ತಿಕೊಂಡಳು.

ಒಂದು ಮಾತು ಹೇಳಬೇಕು. ಅರೆಮನಸ್ಸಿನಿಂದ ಬಡಿದಿದ್ದರೆ ಆಗುತ್ತಿತ್ತು. ಆದರೆ ನೆಲ ಬಡಿಯುವುದರಲ್ಲಿ ನಮ್ಮ ಓಣಿಯ ಹೆಂಗಸರಿಗೆ ಅರೆಮನಸ್ಸು ಬಾರದು. ನಮ್ಮ ಗೋಡೆ ತಗಡು, ಬಾಗಿಲು ಗೋಣಿ, ಸೂರು ಕಂಡವರು ಬಿಸಾಕಿದ್ದು. ನೆಲ ಮಾತ್ರ ನಮ್ಮ ಕೈಯದು. ಲೋಟ ಮಗುಚಿದರೆ ನೀರು ಇಂಗದೆ ಮುತ್ತಿನ ಹಾಗೆ ಉರುಳಬೇಕು, ಅಂಥ ನೆಲ. ಮೊದಲು ಸಿಟ್ಟಿನಿಂದ ಬಡಿದೆವು. ಆಮೇಲೆ ಕೈ ತನ್ನ ಲಯಕ್ಕೆ ಬಿತ್ತು, ಸಿಟ್ಟು ಮರೆತುಹೋಯಿತು. ಮಣ್ಣು ಹಾಕು, ನೀರು ಚಿಮುಕಿಸು, ಬಡಿ. ಮತ್ತೆ ಹಾಕು, ಮತ್ತೆ ಬಡಿ. ಕೊನೆಗೆ ಮೇಲೆ ಹುಲ್ಲಿನ ಹೆಂಟೆ ಜೋಡಿಸಿದೆವು. ಗುಂಡಿ ಎಲ್ಲಿತ್ತೆಂದು ತೋಡಿದವಳಿಗೇ ತಿಳಿಯದಂತಾಯಿತು.

ಮೇಸ್ತ್ರಿ ಕೊಡೆಯ ತುದಿಯಿಂದ ಚುಚ್ಚಿ ನೋಡಿದ. ಇಳಿಯಲಿಲ್ಲ. ಈ ಲೌಡಿಯರ ಕೈಯಲ್ಲಿ ಕಸುಬಿದೆ ಕಣಪ್ಪ ಎಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಹೌದು, ನಮಗೆ ಹಿಗ್ಗಾಯಿತು.

ಮರುದಿನ ಬೆಳಿಗ್ಗೆ ನನ್ನ ನಾದಿನಿ ಒಳಗಿಂದ ಕೂಗಿದಳು. ಅವಳು ಹಸಿ ಬಾಣಂತಿ. ಕೂಸು ಮತ್ತೆ ಮತ್ತೆ ಒದ್ದೆಯಾಗುತ್ತಿದೆ, ಎಷ್ಟು ಬಟ್ಟೆ ಬದಲಿಸಿದರೂ ಅಷ್ಟೇ ಎಂದಳು. ಕೂಸು ತಾಯಿಯನ್ನೇ ತೋಯಿಸೋ ಗಂಡಾಯ್ತಲ್ಲೇ ಎಂದು ಗಿರಗಟ್ಲೆ ನಗುತ್ತಾ ಒಳಗೆ ಹೋದಳು. ಹೋದವಳ ನಗು ನಿಂತಿತು.

ಚಾಪೆ ಎತ್ತಿದೆವು. ನಮ್ಮ ಮನೆಯ ಬಡಿದ ನೆಲದ ನಡುವೆ ಒಂದು ಸಣ್ಣ ಬಾಯಿ ತೆರೆದಿತ್ತು. ಎಸರು ಕುದಿಯುವ ಹಾಗೆ ಅಲ್ಲಿ ನೀರು ಗುಳುಗುಳು ಏಳುತ್ತಿತ್ತು. ಬಾಯಿಯ ಸುತ್ತ ಇರುವೆ ಗೂಡಿನಂತೆ ನುಣ್ಣನೆಯ ಕೆಂಪು ಮಣ್ಣಿನ ಬಳೆ. ನೀರೂ ಕೆಂಪು.

ಅತ್ತೆ ಕುಕ್ಕರಗಾಲಲ್ಲಿ ಕೂತು ಬೆರಳು ಅದ್ದಿದಳು. ಹೆಬ್ಬೆರಳಿಗೆ ತಿಕ್ಕಿದಳು. ಅಷ್ಟು ವರ್ಷ ಅವಳು ಆ ನೀರು ಸೋಸದೆ ಕುಡಿದವಳು. ಒಂದು ಚಿಟಿಕೆ ಮಣ್ಣೂ ಅವಳ ನಾಲಿಗೆಗೆ ತಾಗಿರಲಿಲ್ಲ.

"ನೀರಲ್ಲ ಮಗಾ ಇದು," ಅಂದಳು ನನಗೆ. "ಕಟ್ಟೆ ಬರ್ತಾ ಇದೆ."

ನಾವು ನಿನ್ನೆ ಬಡಿದ ಜಾಗ ಮನೆಯ ಹಿಂದೆಯೇ ಇತ್ತು. ಅಲ್ಲಿ ಹುಲ್ಲಿನ ಮೇಲೆ ಒದ್ದೆಯ ಗುರುತೂ ಇರಲಿಲ್ಲ. ಅಲ್ಲಿ ದಾರಿ ಸಿಗದ ನೀರು ಕಟ್ಟೆಯ ಮಣ್ಣನ್ನೇ ಕೊರೆದುಕೊಂಡು ಇಲ್ಲಿ ಎದ್ದಿತ್ತು.

ಗಂಡಸರು ಪಟ್ಟಣದ ಚರಂಡಿಗೆ ಇಳಿಯಲು ಬೆಳಗಾಗುವ ಮೊದಲೇ ಹೋಗಿದ್ದರು. ಅತ್ತೆಯೂ ನಾನೂ ಕಟ್ಟೆಯ ಮೆಟ್ಟಿಲು ಹತ್ತಿದೆವು. ನೆತ್ತಿಯ ಮೇಲೆ ಆಫೀಸಿನ ಕೋಣೆ. ಫ್ಯಾನು ತಿರುಗುತ್ತಿತ್ತು, ಮೇಜಿನ ಮೇಲೆ ಹಾರಗಳ ಬುಟ್ಟಿ, ಬಾಟಲಿ ನೀರಿನ ಡಬ್ಬ. ಸಣ್ಣ ಸಾಹೇಬ ಕನ್ನಡಿ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದ. ಕೆಸರುಗಾಲು ಒಳಗಿಡಬೇಡಿ ಎಂದು ಮೇಸ್ತ್ರಿ ಬಾಗಿಲಲ್ಲೇ ಅಡ್ಡ ಕಾಲಿಟ್ಟ. ಅತ್ತೆ ಹೊರಗೆ ನಿಂತೇ ಎಲ್ಲ ಹೇಳಿದಳು: ಗುಂಡಿ ಮುಚ್ಚಿದ್ದು, ನೆಲ ಬಾಯಿಬಿಟ್ಟಿದ್ದು, ನೀರಿನ ಬಣ್ಣ.

ಸಣ್ಣ ಸಾಹೇಬ ಕನ್ನಡಿಯಿಂದ ತಿರುಗಲಿಲ್ಲ. ಯಾರ ಮನೆಯಲ್ಲಿ ಎಂದು ಕೇಳಿದ. ಬಾಣಂತಿ ಮಲಗಿದ ಮನೆ ಎಂದಳು ಅತ್ತೆ.

"ಬಾಣಂತಿ ಮನೇಲಿ ನೆಲ ಒದ್ದೆ ಆಗದೆ ಇನ್ನೇನಾಗತ್ತೆ? ಕೆಂಪು ಅಂತ ಬೇರೆ ಹೇಳ್ತಾಳೆ."

ಮೇಸ್ತ್ರಿ ಬಾಗಿಲ ಕಂಬ ಹಿಡಿದುಕೊಂಡು ನಕ್ಕ. ಸಣ್ಣ ಸಾಹೇಬ ನಗುವಿಗೆ ಸಮಯ ಕೊಟ್ಟು ಕಾದ.

ಒಂದು ಸಲ ಬಂದು ನೋಡಿ ಸ್ವಾಮಿ, ಒಂದೇ ಸಲ ಎಂದಳು ಅತ್ತೆ.

ಆಗ ಅವನು ತಿರುಗಿದ. ದನಿ ಮೆತ್ತಗಿತ್ತು. "ಅಣೆಕಟ್ಟು ಭದ್ರವಾಗಿದೆ. ದೊಡ್ಡ ಸಾಹೇಬ್ರು ಇವತ್ತು ಇಲ್ಲೇ ಕೂತು ಅದಕ್ಕೆ ಸಹಿ ಹಾಕ್ತಾರೆ. ಮಧ್ಯ ಯಾವಳಾದ್ರೂ ಬಾಯಿ ಬಿಟ್ರೆ ಸಂಜೆಗೆ ಓಣಿ ಮೇಲೆ ಬುಲ್ಡೋಜರ್ ಬರತ್ತೆ. ಹೋಗಿ ಕುರ್ಚಿ ಹಾಕಿ."

ಕುರ್ಚಿ, ಮೇಜು, ನೀರಿನ ಬಾಟಲಿ ಎಲ್ಲ ಲಾರಿಯಲ್ಲಿ ಬಂದಿದ್ದವು. ಕಟ್ಟೆಯ ಮೇಲಿನ ರಸ್ತೆಗೆ ಬಳಿದ ಬಿಳಿ ಗೆರೆ ಇನ್ನೂ ಹಸಿಯಾಗಿದ್ದರಿಂದ ಲಾರಿಯವನು ಎಲ್ಲವನ್ನೂ ಕೆಳಗೆ, ನಮ್ಮ ಓಣಿಯ ಬಾಯಲ್ಲೇ ಇಳಿಸಿ ಹೋಗಿದ್ದ. ನಾವು ಅವನ್ನು ತಲೆಮೇಲೆ ಹೊತ್ತು ಮೆಟ್ಟಿಲು ಹತ್ತಿಸಿ, ನೆತ್ತಿಯ ಮೇಲೆ ಹಾಕಿದ ಶಾಮಿಯಾನದ ಕೆಳಗೆ ಸಾಲಾಗಿ ಜೋಡಿಸಬೇಕಾಗಿತ್ತು. ಮೇಸ್ತ್ರಿಯೂ ಸಣ್ಣ ಸಾಹೇಬನೂ ಹಾರ ಹಿಡಿದು ದೂರದ ಗೇಟಿಗೆ ಹೋದರು.

ಅತ್ತೆ ಮೊದಲ ಕುರ್ಚಿ ತಲೆಗೇರಿಸಿದಳು. ಮೆಟ್ಟಿಲ ಬುಡಕ್ಕೆ ಬಂದಳು. ಕತ್ತೆತ್ತಿ ಆ ಎತ್ತರವನ್ನು ನೋಡಿದಳು. ಅದರ ಹಿಂದೆ ಎಷ್ಟು ನೀರು ಒರಗಿ ನಿಂತಿದೆ ಎಂದು ಎಣಿಸುತ್ತಿದ್ದಳೋ, ತನ್ನ ದೇವರನ್ನು ನೆನೆಯುತ್ತಿದ್ದಳೋ ನನಗೆ ಗೊತ್ತಿಲ್ಲ. ಆಮೇಲೆ ತಿರುಗಿ ನಡೆದು, ನಮ್ಮ ಮನೆಯ ಮುಂದಿನ ಕೆಸರಿನಲ್ಲಿ ಕುರ್ಚಿ ಇಳಿಸಿದಳು. ಮುಖ ಕಟ್ಟೆಯ ಕಡೆಗೆ.

"ಇದೇನತ್ತೆ?" ಅಂದೆ.

"ಮೇಲಕ್ಕೆ ಕೂಸನ್ನ ಒಯ್ಯಿ. ಮುದುಕರನ್ನ, ಮಕ್ಕಳನ್ನ, ಕಾಲಿಲ್ಲದವರನ್ನ. ಕುರ್ಚಿ ಇಲ್ಲಿರ್ಲಿ."

ಗಿರಗಟ್ಲೆ ಎರಡನೆಯ ಕುರ್ಚಿ ತಂದು ಮೊದಲನೆಯದರ ಪಕ್ಕ ಇಟ್ಟಳು. ನಾದಿನಿಯನ್ನು ನಾನು ತೋಳು ಹಿಡಿದು ಹತ್ತಿಸಿದೆ. ಕೆಮ್ಮುವವರು ಕೆಮ್ಮುತ್ತಾ, ತೆವಳುವವರು ತೆವಳುತ್ತಾ ಮೇಲೆ ಬಂದರು. ಶಾಮಿಯಾನದ ನೆರಳಿನಲ್ಲಿ, ಹಾಸಿದ ಕೆಂಪು ಜಮಖಾನದ ಮೇಲೆ, ನಮ್ಮ ಓಣಿ ಚಾಪೆ ತಲೆದಿಂಬಿನ ಸಮೇತ ಕೂತಿತು. ನಾನು ಮತ್ತೆ ಕೆಳಗಿಳಿದೆ. ಮೇಜೂ ಹಾಕಿದೆವು. ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ನೀರಿನ ಬಾಟಲಿಗಳು. ಹೇಳಿದ ಹಾಗೇ, ಸಾಲು ತಪ್ಪದಂತೆ. ಮುಂದಿನ ಸಾಲಿಗೆ ಮೆತ್ತೆಯ ಕುರ್ಚಿಗಳು.

ಕಾರುಗಳು ಬಂದವು. ಕಟ್ಟೆಯ ಅಂಚಿನಲ್ಲಿ ಒಂದೊಂದೇ ತಲೆ ಕಾಣಿಸಿಕೊಂಡಿತು. ಹಾರ ಹಾಕಿಕೊಂಡ ದೊಡ್ಡ ಸಾಹೇಬರು ಜಮಖಾನದ ಮೇಲೆ ಮೊಲೆಯೂಡುತ್ತಿದ್ದ ನಾದಿನಿಯನ್ನು ನೋಡಿದರು, ಕೆಳಗೆ ಬಿಸಿಲಲ್ಲಿ ಸಾಲಾಗಿ ನಿಂತ ಕುರ್ಚಿಗಳನ್ನು ನೋಡಿದರು, ಸಣ್ಣ ಸಾಹೇಬನನ್ನು ನೋಡಿದರು. ಮೇಸ್ತ್ರಿ ಅಂಚಿಗೆ ಓಡಿ ಬಂದ. ಸೂಳೇರಾ, ನಿಮ್ಮ ಚರ್ಮ ಸುಲೀತೀನಿ ಎಂದು ಒದರುತ್ತಾ ಎರಡು ಮೆಟ್ಟಿಲು ಇಳಿದ. ಮೂರನೆಯದಕ್ಕೆ ಕಾಲು ಚಾಚಿ ಹಿಂದಕ್ಕೆಳೆದುಕೊಂಡ. ಮಣ್ಣಿನ ಬಳೆಗಳು ಈಗ ಮನೆಯ ಹೊರಗೂ ಎದ್ದಿದ್ದವು, ಅವನಿಗೂ ಕಾಣುತ್ತಿತ್ತು.

ಅತ್ತೆ ಕೂಗಲಿಲ್ಲ. ಆದರೆ ಅವಳ ದನಿ ಆ ಇಳಿಜಾರಿನುದ್ದಕ್ಕೂ ಏರಿತು.

"ಭದ್ರ ಅಂದ್ರಲ್ಲ ಸ್ವಾಮಿ. ಬನ್ನಿ. ಇಲ್ಲಿ ಕೂತು ಸಹಿ ಹಾಕಿ."

ಮೇಲೆ ಯಾರೋ ಯಾರ ಕಿವಿಯಲ್ಲೋ ಏನೋ ಅಂದರು. ದೊಡ್ಡ ಸಾಹೇಬರು ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸಣ್ಣ ಸಾಹೇಬ ಟೈ ಸಡಿಲಿಸಿದ. ಯಾರೂ ಇಳಿಯಲಿಲ್ಲ. ಮಗುವಿನ ಅಳು ಒಮ್ಮೆ ಕೇಳಿ ನಿಂತಿತು. ನಾವು ಒಬ್ಬೊಬ್ಬರು ಒಂದೊಂದು ಕುರ್ಚಿಯ ಬೆನ್ನು ಹಿಡಿದು, ಬರಬೇಕಾದ ನೆಂಟರಿಗೆ ಕಾಯುವ ಹಾಗೆ, ನಿಂತೇ ಇದ್ದೆವು. ಪಾದದ ಅಡಿಯಲ್ಲಿ ನೆಲ ತಣ್ಣಗೆ, ಮೆತ್ತಗೆ ಜರುಗುತ್ತಿತ್ತು.

ಮುಂದಿನ ಸಾಲಿನ ಮೆತ್ತೆಯ ಕುರ್ಚಿಯ ಹಿಂಗಾಲು ಕೆಸರಿಗಿಳಿದು ಅದು ವಾಲಿತು. ಅತ್ತೆ ಅದನ್ನು ಕಿತ್ತು ನೆಟ್ಟಗಿಟ್ಟಳು, ಸೆರಗಿನಿಂದ ಒರೆಸಿದಳು, ಮತ್ತೆ ಮೇಲೆ ನೋಡಿದಳು.