ಎರಡು ಕುಣಿ, ಒಂದು ಸೌಟು

ಹಣಮಂತ್ರಾಯ ಅಂಗಳದ ನಳದ ಕೆಳಗೆ ಕಾಲು ತೊಳೆದುಕೊಳ್ಳುತ್ತಿದ್ದಾಗ ಶರಫುದ್ದೀನ ಬಂದು ಗಾಡಿ ನಿಲ್ಲಿಸಿದ. ಅವನ ಕಾಲಿಗೂ ಅಂಥದೇ ಕರಿ ಮಣ್ಣು ಮೆತ್ತಿತ್ತು.

"ಕುಣಿ ತಯಾರಾತ್ರಿ ಅಣ್ಣಾರ," ಎಂದ ಶರಫುದ್ದೀನ. "ಇಲ್ಲೇ ಊರ ಸ್ಮಶಾನದಾಗ, ಬೇವಿನ ಗಿಡದ ಬಾಜೂಕ. ನಾನೇ ನಿಂತು ತೋಡಿಸೀನಿ."

ಹಣಮಂತ್ರಾಯ ನಳ ಬಂದ್ ಮಾಡಿದ. "ಯಾವ ಕುಣಿಲೇ? ನಾ ಅತನೂರ ಹೊಲದಾಗ ತೋಡಿಸಿ ಈಗ ಬರಾಕತ್ತೀನಿ. ಅವ್ವನ ಮಗ್ಗಲಕ್ಕ."

ಪಡಸಾಲೆಯಲ್ಲಿ ಭಜನೆ ನಡೆದಿತ್ತು. ಗುರುಶಾಂತನನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆತುಂಬ ವಿಭೂತಿ ಬಳಿದು, ಹಾರ ಹಾಕಿದ್ದರು. ಅಫಜಲಪುರದ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡು ಅಲ್ಲೇ ಆಯುಷ್ಯ ಕಳೆದ ಮನುಷ್ಯ. ನಿನ್ನೆ ಮಧ್ಯಾಹ್ನ ಅದೇ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಹಣಮಂತ್ರಾಯ ಅವನ ಅಣ್ಣ, ಅತನೂರಿನಲ್ಲಿ ಹೊಲ ನೋಡಿಕೊಂಡಿದ್ದವನು. ಶರಫುದ್ದೀನ ಪಕ್ಕದ ಅಂಗಡಿಯಲ್ಲಿ ಲಗ್ನಪತ್ರಿಕೆ ಛಾಪಿಸುವವನು. ಇಬ್ಬರಿಗೂ ರಾತ್ರಿಯಿಡೀ ನಿದ್ದೆಯಿರಲಿಲ್ಲ, ಹೀಗಾಗಿ ಮಾತು ಬಿರುಸಾಯಿತು.

"ಯಾರನ್ನ ಕೇಳಿ ತೋಡಿಸ್ದಿ?"

"ವೈನಿಯವರನ್ನೇ ಕೇಳೀನ್ರಿ. ಕುಣಿ ತೋಡಸ್ಯಾರೇನು ಅಂದೆ, ಇನ್ನಾ ಇಲ್ಲ ಅಂದ್ರು."

"ನಾನೂ ಆಕೀನೇ ಕೇಳೀನಿ. ನನಗೂ ಇಲ್ಲ ಅಂದಾಳ."

ಇಬ್ಬರೂ ಬಾಗಿಲ ಕಡೆ ತಿರುಗಿದರು. ಹೊಸ್ತಿಲಲ್ಲಿ ಗುರುಶಾಂತನ ಹೆಂಡತಿ ಶಿವಗಂಗಾ ನಿಂತಿದ್ದಳು. ಅವಳು ಯಾರಿಗೂ ಸುಳ್ಳು ಹೇಳಿರಲಿಲ್ಲ. ಅವರು ಕೇಳಿದ ಹೊತ್ತಿಗೆ ಕುಣಿ ನಿಜವಾಗಿಯೂ ತೋಡಿರಲಿಲ್ಲ. ಕೇಳಿದವರು ತೋಡಿಸುವುದಕ್ಕೇ ಹೊರಟಿದ್ದಾರೆಂದು ಆ ಮಂಕಿನಲ್ಲಿ ಅವಳಿಗೆ ಹೊಳೆದಿರಲಿಲ್ಲ.

ಕೂತಿದ್ದವರಲ್ಲಿ ಗುಸುಗುಸು ಎದ್ದಿತು. ತೋಡಿದ ಕುಣಿ ಬರಿದಾಗಿ ಬಾಯಿ ತೆರೆದುಕೊಂಡಿದ್ದರೆ ಮನೆಯ ಇನ್ನೊಬ್ಬರನ್ನು ಕರೆಯುತ್ತದೆ ಎಂಬ ಅಂಜಿಕೆ ಆ ಮನೆತನದಲ್ಲಿ ಮೊದಲಿನಿಂದಲೂ ಇತ್ತು. ಮುಚ್ಚುವುದಾದರೆ ಸತ್ತವನ ಮನೆಯದೇ ಏನಾದರೊಂದು ವಸ್ತು ಇಟ್ಟು ಮುಚ್ಚಬೇಕು. ಆದರೆ ಯಾವುದನ್ನು ಮುಚ್ಚುವುದು, ಗುರುಶಾಂತನನ್ನು ಯಾವುದರಲ್ಲಿ ಕೂಡಿಸುವುದು?

ಶಿವಗಂಗಾ ಒಮ್ಮೆಲೇ ನಕ್ಕುಬಿಟ್ಟಳು. ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ಕಣ್ಣಿಂದ ನೀರು ಸುರಿಯುತ್ತಲೇ ಇತ್ತು.

*

ಅವಳಿಗೆ ನೆನಪಾದದ್ದು ಚಮನಸಾಬನ ಮಗನ ಲಗ್ನದ ವರ್ಷ. ಶರಫುದ್ದೀನ ಪತ್ರಿಕೆ ಛಾಪಿಸಲು ಫೈಲು ತೆರೆದರೆ ವರನ ಹೆಸರು ಸರಿಯಾಗಿಯೇ ಇತ್ತು. ವಧುವಿನ ಹೆಸರಿರಬೇಕಾದ ಜಾಗದಲ್ಲಿ, ಗುರುಶಾಂತನ ಅಂಗಡಿಯಲ್ಲಿ ಟೈಪಾಗಿದ್ದ ಹೈಸ್ಕೂಲಿನ ಹುಡುಗಿಯರ ಕಬಡ್ಡಿ ತಂಡವೇ ಬಂದು ನಿಂತಿತ್ತು.

"ನನ್ನ ಮಗಗ ಒಬ್ಬಾಕಿ ಸಾಕ್ರಿ ಮಾಸ್ತರ," ಎಂದು ಚಮನಸಾಬ ಗುರುಶಾಂತನಿಗೆ ಕೈ ಮುಗಿದಿದ್ದ.

ಎರಡೂ ಅಂಗಡಿಗಳ ಫೈಲುಗಳು ಗುರುಶಾಂತನ ಅಂಗಡಿಯ ಒಂದೇ ಯಂತ್ರದಲ್ಲಿ ಕೂಡುತ್ತಿದ್ದವು. ಹೋದ ಕರೆಂಟು ತಿರುಗಿ ಬಂದಾಗ ಎಲ್ಲರೂ ಒಟ್ಟಿಗೇ ಕೆಲಸಕ್ಕೆ ಬೀಳುವರು, ಆಗ ಮಾತ್ರ ಎಂದಾದರೊಮ್ಮೆ ಹೀಗಾಗುತ್ತಿತ್ತು. ಡಿಸ್ಕು ಹಳೆಯದಾಗಿದೆ, ಬದಲಿಸು ಎಂದು ಎಲ್ಲರೂ ಹೇಳಿದರು. ಗುರುಶಾಂತ ಕೇಳಲಿಲ್ಲ. ಆ ಯಂತ್ರ ಓಡುತ್ತಿದ್ದುದು ಯಾರು ಬೇಕಾದರೂ ಓದಿ ತಿದ್ದಬಹುದಾದ ಸಾಫ್ಟ್‌ವೇರಿನ ಮೇಲೆ. ಅದರ ಒಳತಿರುಳಾದ ಕರ್ನಲ್ಲಿನಲ್ಲಿ, ಫೈಲುಗಳಿಗೆ ಜಾಗ ಹಂಚುವ ಭಾಗವನ್ನು ಅವನು ಊಟಕ್ಕೆ ಕೂತಾಗಲೂ ತಲೆಯಲ್ಲಿ ತಿರುವಿಹಾಕುತ್ತಿದ್ದ. ಶಿವಗಂಗಾಗೆ ಸಿಟ್ಟು ಬರುತ್ತಿತ್ತು. ಸವತಿ ತಂದಿದ್ದರೆ ಕೂದಲು ಹಿಡಿದು ಜಗಳವನ್ನಾದರೂ ಆಡಬಹುದಿತ್ತು.

ಒಂದು ದಿನ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಬಾಯಿಗಿಟ್ಟವನು ಮುಖ ಕಿವುಚಿದ.

"ಉಪ್ಪು ಯಾರು ಹಾಕಿದ್ರಿ?"

"ನಾ ಹಾಕೀನಿ," ಎಂದಳು ಅವನ ತಾಯಿ ಸಾಬಮ್ಮ. "ರುಚಿ ನೋಡಿದೆ, ಇದ್ದಿಲ್ಲ."

"ನಾನೂ ನೋಡೇ ಹಾಕೀನ್ರಿ ಅತ್ತಿ," ಎಂದಳು ಶಿವಗಂಗಾ. "ನಾ ನೋಡಿ ಉಪ್ಪಿನ ಡಬ್ಬಿ ತರಾಕ ಒಳಗ ಹೋಗಿದ್ದೆ."

ಗುರುಶಾಂತನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ನೀ ನೋಡಿ ಹೋದಿ. ಹಾಕೋದ್ರಾಗ ಅವ್ವ ನೋಡಿದ್ಲು," ಎಂದ. "ಇಬ್ಬರದೂ ತಪ್ಪಿಲ್ಲ. ನೋಡೋದಕ್ಕೂ ಹಾಕೋದಕ್ಕೂ ನಡುವ ಸಂದು ಬಿಟ್ಟೀರಿ ನೋಡ್ರಿ, ತಪ್ಪು ಅಲ್ಲಿ ಅದ." ಕೈ ತೊಳೆಯದೆ ಅಂಗಡಿಗೆ ಓಡಿದ.

ಕರ್ನಲ್ಲಿನೊಳಗೂ ಅದೇ ನಡೆದಿತ್ತು. ಒಂದು ಫೈಲಿಗೆ ಖಾಲಿ ಜಾಗ ಹುಡುಕುವವರೆಗೆ ಬೇರೆಯದು ನುಗ್ಗದಂತೆ ಬೀಗ ಹಾಕಿಕೊಂಡು, ಅದು ಸಿಕ್ಕ ಕೂಡಲೇ ಬೀಗ ತೆಗೆದು, ಆಮೇಲೆ ಜಾಗ ತನ್ನದೆಂದು ಗುರುತು ಹಾಕುತ್ತಿತ್ತು. ಆ ಸಂದಿನಲ್ಲಿ ಇನ್ನೊಂದು ಫೈಲಿಗೂ ಅದೇ ಜಾಗ ಖಾಲಿಯೆಂದು ಕಾಣುತ್ತಿತ್ತು. ಗುರುಶಾಂತ ಬೀಗ ತೆಗೆಯುವ ಸಾಲನ್ನು ಗುರುತು ಹಾಕುವ ಸಾಲಿನ ಕೆಳಗೆ ಸರಿಸಿದ. ತಿದ್ದಿದ್ದನ್ನು ಆ ಸಾಫ್ಟ್‌ವೇರು ನೋಡಿಕೊಳ್ಳುವವರಿಗೆ ಕಳಿಸಿದ. ಹಾಗೆ ಮಾಡಿದರೆ ಎಲ್ಲ ನಿಧಾನವಾಗುತ್ತದೆಂದು ಅವರಲ್ಲಿ ದೂರದೇಶದ ಯಾರೋ ತಿಂಗಳುಗಟ್ಟಲೆ ತಕರಾರು ತೆಗೆದರು. ಅವನು ಬೇಸರವಿಲ್ಲದೆ ಉತ್ತರ ಬರೆಯುತ್ತ ಹೋದ. ಕೊನೆಗೆ ಒಪ್ಪಿಕೊಂಡರು. ಆ ದಿನ ಬಸ್ ನಿಲ್ದಾಣದ ಎದುರಿನ ಎಲ್ಲರಿಗೂ ಭಜಿ ತಿನ್ನಿಸಿದ. ಸಂತೆಗೆ ಬಂದಿದ್ದ ಹಣಮಂತ್ರಾಯನೂ ತಿಂದ.

"ಏನು ಮಾಡಿದ್ಯೋ ಗುರುಶಾಂತ?"

"ಒಂದು ಸಾಲು ಕೆಳಗ ಸರಿಸೀನಿ ಅಣ್ಣಾ."

"ಒಂದು ಸಾಲಿಗಿ ಇಷ್ಟು ಭಜಿಯೇನೋ ಹುಚ್ಚಾ!"

ಮನೆಯಲ್ಲೂ ಕಾಯಿದೆ ಬಂತು. ಒಲೆಯ ಹಿಂದಿನ ಗೋಡೆಗೆ ಮೊಳೆ ಹೊಡೆದು ಹಿತ್ತಾಳೆಯ ಸೌಟು ತೂಗುಹಾಕಿದ. ಸೌಟು ಕೈಯಲ್ಲಿದ್ದವರೇ ರುಚಿ ನೋಡಬೇಕು, ಅವರೇ ಉಪ್ಪು ಹಾಕಬೇಕು, ಹಾಕಿದ ಮೇಲೆಯೇ ಸೌಟು ಮೊಳೆಗೆ. ಅತ್ತೆ ಸೊಸೆ ಇಬ್ಬರೂ ಅವನನ್ನು ಆಡಿಕೊಂಡು ನಕ್ಕರು. ಆದರೆ ಸಾಬಮ್ಮ ಸಾಯುವತನಕ ಅದನ್ನು ತಪ್ಪಿಸಲಿಲ್ಲ. ನೆರವಿಗೆ ಬರುವ ಓಣಿಯ ಹೆಂಗಸರಿಗೂ ರೂಢಿಯಾಯಿತು. ಎಂಥ ಒಳ್ಳೆಯ ದಿನಗಳವು! ಇಬ್ಬರ ಕೈಯೂ ಒಮ್ಮೆಲೇ ಸೌಟಿಗೆ ಹೋದರೆ ಸಾಬಮ್ಮನೇ ಬಿಟ್ಟುಕೊಡುತ್ತಿದ್ದಳು. "ತಗೋ ಬೇ, ಮೊದಲ ನೀನೇ ತಗೋ."

*

"ಭಾವಾರ," ಎಂದಳು ಶಿವಗಂಗಾ, ಕಣ್ಣೊರೆಸಿಕೊಂಡು. "ಆವತ್ತ ಭಜಿ ತಿಂದಿದ್ರಲ್ರಿ, ಅವರು ಸರಿ ಮಾಡಿದ್ದು ಇದೇ ನೋಡ್ರಿ. ನೀವಿಬ್ಬರೂ ಕೇಳಿದ್ರಿ. ಇಬ್ಬರಿಗೂ ಇಲ್ಲ ಅಂತ ಕಾಣಿಸ್ತು. ಇಬ್ಬರೂ ತೋಡಿದ್ರಿ."

ಹಣಮಂತ್ರಾಯ ನಳದ ಕಟ್ಟೆಯ ಮೇಲೆ ಕೂತ.

"ಇಷ್ಟೇ ಏನು?" ಎಂದ. "ಅವ ಇದ್ದಾಗ ನನಗ ತಿಳೀಲಿಲ್ಲಲ್ಲ ಯವ್ವಾ. ಹುಚ್ಚ ಅಂದೆ ಅವಗ." ಮಣ್ಣಾದ ಕೈಯಿಂದಲೇ ಮುಖ ಮುಚ್ಚಿಕೊಂಡ. ಶರಫುದ್ದೀನ ಹೋಗಿ ಅವನ ಮಗ್ಗುಲಲ್ಲಿ ಕೂತ. ಜಗಳ ಅಲ್ಲಿಗೇ ಮುಗಿಯಿತು.

"ಈಗ ನೀವೇ ಹೇಳ್ರಿ ವೈನಿ," ಎಂದ ಶರಫುದ್ದೀನ. "ಸೌಟು ನಿಮ್ಮ ಕೈಯಾಗ ಅದ."

ಶಿವಗಂಗಾ ಗಂಡನ ಕಡೆ ನೋಡಿದಳು. ಮಕ್ಕಳಿಲ್ಲದ ಮನೆ. ಅತನೂರಿಗೆ ಹೋದರೆ ಅವನು ತಾಯಿಯ ಮಗನಾಗಿ, ಅಣ್ಣನ ತಮ್ಮನಾಗಿ ಮಲಗುವನು. ತಾನು ಹಬ್ಬಕ್ಕೊಮ್ಮೆ ಹೋಗಿ ಬರುವ ನೆಂಟಳಾಗಿ ಉಳಿಯಬೇಕು. ಅದನ್ನು ನೆನೆದೇ ಅವಳಿಗೆ ತಡೆಯಲಾಗಲಿಲ್ಲ.

"ನನಗ ಅವರು ಇಲ್ಲೇ ಬೇಕ್ರಿ," ಎಂದಳು. "ದಿನಾ ಅಂಗಡಿಗಿ ಹೋಗೋ ಹಾದ್ಯಾಗ ಬೇವಿನ ಗಿಡ ಕಾಣ್ತದ. ಅಷ್ಟಾದ್ರೂ ಇರಲಿ."

ಹಣಮಂತ್ರಾಯ ಕಟ್ಟೆಯಿಂದ ಎದ್ದ. "ಆತು," ಎಂದ. "ಆದರ ಅಲ್ಲಿ ಅವ್ವ ಕಾಯಾಕತ್ತಾಳ. ಆಕಿ ಮಗ್ಗಲಕ್ಕ ಏನಿಟ್ಟು ಮುಚ್ಚಲಿ?"

ಶಿವಗಂಗಾ ಒಳಗೆ ಹೋದಳು. ಗುರುಶಾಂತನ ಕನ್ನಡಕ ಅಲ್ಲೇ ಇತ್ತು, ಅಂಗಡಿಯಿಂದ ತಂದ ಅಂಗಿಯೂ ಇತ್ತು. ಅವಳು ಅವನ್ನು ಮುಟ್ಟಲಿಲ್ಲ. ಮೊಳೆಯಿಂದ ಸೌಟು ತೆಗೆದು, ಸೆರಗಿನಿಂದ ಒರೆಸಿ, ಭಾವನ ಎರಡೂ ಕೈಗೆ ಕೊಟ್ಟಳು.

"ಅತ್ತಿಯವರಿಗಿ ಹೇಳ್ರಿ," ಎಂದಳು. "ಮೊದಲ ನೀವೇ ತಗೋರಿ ಅಂತ."

*

ಮಧ್ಯಾಹ್ನ ಗುರುಶಾಂತನನ್ನು ಬೇವಿನ ಗಿಡದ ಕೆಳಗೆ ಕೂಡಿಸಿ, ಬಿಲ್ವಪತ್ರಿ ತುಂಬಿ, ಮಣ್ಣು ಕೊಟ್ಟು ಬಂದರು. ಹಣಮಂತ್ರಾಯ ಅಲ್ಲಿಂದಲೇ ಅತನೂರಿಗೆ ಹೋದ, ಜೊತೆಗೆ ಶರಫುದ್ದೀನನೂ ಹೋದ. ಸಂಜೆ ಇಬ್ಬರೂ ತಿರುಗಿ ಬಂದಾಗ ಕಾಲಿಗೆ ಮತ್ತೆ ಅದೇ ಮಣ್ಣು.

ಓಣಿಯ ಹೆಂಗಸರು ರೊಟ್ಟಿ ಬಡಿದು ಬೇಳೆ ಕುದಿಸಿದ್ದರು. ಎಲ್ಲರೂ ಊಟಕ್ಕೆ ಕೂತರು. ಹಣಮಂತ್ರಾಯ ಮೊದಲ ತುತ್ತು ಬಾಯಿಗಿಟ್ಟು ತಲೆ ಎತ್ತಿದ. ಶರಫುದ್ದೀನನೂ ಎತ್ತಿದ. ಬಡಿಸುತ್ತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಳೆಗೆ ಸೌಟಿಲ್ಲ, ಇನ್ನೊಬ್ಬರ ಕೈಯಲ್ಲಿರಬೇಕೆಂದು ಬೇಳೆಗೆ ಯಾರೂ ಉಪ್ಪು ಹಾಕಿರಲಿಲ್ಲ.

ಯಾರೂ ಉಪ್ಪು ಕೇಳಲಿಲ್ಲ. ತಲೆ ಬಗ್ಗಿಸಿ ಹಾಗೆಯೇ ಉಂಡರು. ಶಿವಗಂಗಾ ತಾಟು ಮುಂದಿಟ್ಟುಕೊಂಡು ಒಲೆಯ ಹಿಂದಿನ ಗೋಡೆ ನೋಡುತ್ತಿದ್ದಳು. ವರ್ಷಗಳ ಹೊಗೆ ಹಿಡಿದು ಕಪ್ಪಾದ ಆ ಗೋಡೆಯ ಮೇಲೆ, ಬರಿದಾದ ಮೊಳೆಯ ಕೆಳಗೆ, ಸೌಟಿನ ಆಕಾರದಷ್ಟು ಸುಣ್ಣ ಬೆಳ್ಳಗೆ ಉಳಿದಿತ್ತು.