ಮಾನಪ್ಪನ ಲಗ್ನ

ಎಕ್ಕೆ ಗಿಡದ ಬೇರು ಕೈಗೆ ಬರಲೊಲ್ಲದು. ಊರ ಹಿರಿಯ ಹೊನ್ನೂರಪ್ಪ ಸುತ್ತ ಕೆದಕಿ, ಜಗ್ಗಿ, ಮತ್ತೆ ಕೆದಕಿದ. ಗುರುಗುಂಟಾ ಊರಿನ ನೆಲ ಮೇಲೆ ಮೆತ್ತಗೆ, ಒಳಗೆಲ್ಲ ಗರಸು. ಪಕ್ಕದಲ್ಲಿ ನಿಂತಿದ್ದ ದಾದೇಸಾಬ ಮಸ್ಕಿ ಸಂತೆಯಲ್ಲಿ ಕುರಿ ಕೊಳ್ಳುವವ. ಇಂಥ ಕಾರ್ಯ ಅವನು ಕಂಡಿರಲಿಲ್ಲ.

"ಬರೇ ಟೊಂಗಿ ಮುರಕೊಂಡು ಹೋದ್ರ ಆಗಂಗಿಲ್ಲೇನೋ, ಹೊನ್ನೂರಪ್ಪ?"

"ಹೆಣ್ಣು ತರಾಕ ಬಂದೀವಿ ಸಾಬ. ಅರ್ಧಮರ್ಧ ತರಾಕ ಬರತೈತೇನು?"

ದಾದೇಸಾಬ ನಕ್ಕ. ನಕ್ಕದ್ದಕ್ಕೆ ನಾಚಿ ಮುಖ ಆಚೆ ತಿರುಗಿಸಿದ. ಕನಕಮ್ಮ ಬದುವಿನ ಮೇಲೆ ಕುಳಿತಿದ್ದಳು. ಸತ್ತವನು ಅವಳ ತಮ್ಮ ಮಾನಪ್ಪ. ನಿನ್ನೆ ಸಂಜೆ ಕುರಿಗಳನ್ನು ಹಟ್ಟಿಗೆ ಕೂಡುವಾಗ ಎದೆ ಹಿಡಿದುಕೊಂಡು ಕುಳಿತವನು ಮೇಲೇಳಲಿಲ್ಲ. ಲಗ್ನವಾಗದ ಗಂಡಸನ್ನು ಹಾಗೇ ಮಣ್ಣು ಮಾಡುವಂತಿಲ್ಲ; ಎಕ್ಕೆ ಗಿಡದ ಜೊತೆ ತಾಳಿ ಕಟ್ಟಿಸಿಯೇ ಕಳಿಸಬೇಕು.

ಬೇರು ಕೊನೆಗೆ ಬಂತು. ದಾದೇಸಾಬ ತನ್ನ ಟವೆಲಿನಲ್ಲಿ ಸುತ್ತಿಕೊಟ್ಟ. ಮಾನಪ್ಪ ಕುರಿಯ ವಯಸ್ಸಿನ ವಿಷಯದಲ್ಲಿ ತನಗೆ ಎಂದೂ ಸುಳ್ಳು ಹೇಳಲಿಲ್ಲವೆಂದು ದಾರಿಯುದ್ದಕ್ಕೂ ಹೇಳಿದ. ಕನಕಮ್ಮ ಹೂಂಗುಟ್ಟುತ್ತ ನಡೆದಳು.

* * *

ಕನಕಮ್ಮನನ್ನು ಕೊಟ್ಟದ್ದು ಅವಳ ಸೋದರಮಾವನಿಗೇ. ಮೊದಲೆರಡು ಗಂಡುಮಕ್ಕಳು ಹೊತ್ತಿಗೆ ಸರಿಯಾಗಿ ನಡೆಯಲು ಕಲಿತವು, ಆಮೇಲೆ ನಡೆಯುವುದನ್ನೇ ಮರೆತವು. ಕಾಲು ಸೋತವು, ಕುತ್ತಿಗೆ ನಿಲ್ಲದಾಯಿತು, ಕಡೆಗೆ ಗಂಜಿಯೂ ಗಂಟಲಲ್ಲಿ ಇಳಿಯಲಿಲ್ಲ. ಮೂರನೆಯವಳು ಗ್ಯಾನಮ್ಮ ಮಾತ್ರ ಗಟ್ಟಿಯಾಗಿ ಬೆಳೆದಳು. ಅವಳು ತೊಟ್ಟಿಲಲ್ಲಿದ್ದಾಗಲೇ ಮಾನಪ್ಪನಿಗೆ ಎಂದು ಮಾತಾಗಿತ್ತು.

ಎಂಬತ್ತೇಳರಲ್ಲಿ ಹೈದರಾಬಾದಿನಿಂದ ಸಂಶೋಧನೆಯವರು ಬಂದರು. ಇಂಥ ಮಕ್ಕಳ ಸುದ್ದಿ ಅವರಿಗೆ ಲಿಂಗಸುಗೂರಿನಲ್ಲಿ ಸಿಕ್ಕಿತ್ತಂತೆ. ಮನೆಮಂದಿಯ ರಕ್ತ ತೆಗೆದುಕೊಂಡು ಹೋದರು. ಮುಂದಿನ ಬೇಸಿಗೆಗೆ ಒಬ್ಬ ಡಾಕ್ಟರಮ್ಮ ತಿರುಗಿ ಬಂದು, ಕಟ್ಟೆಯ ಮೇಲೆ ಕೂತು ತಿಳಿಹೇಳಿದಳು. ಕೂಸು ಹೊಟ್ಟೆಯಲ್ಲಿದ್ದಾಗಿನಿಂದಲೂ ಮೈಯ ಒಂದೊಂದು ಕೆಲಸಕ್ಕೆ ಒಂದೊಂದು ಹುಕುಂ ಇರುತ್ತದೆ. ಇದು ಈಗ ಶುರುವಾಗಲಿ, ಇದು ಈಗ ನಿಲ್ಲಲಿ ಎಂದು. ಹುಕುಮಿಗೆ ಎರಡು ಪ್ರತಿ, ತಾಯಿಯದೊಂದು ತಂದೆಯದೊಂದು. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಎರಡೂ ಕೆಟ್ಟವೇ ಬಂದರೆ ಕೂಸು ಹೀಗಾಗುತ್ತದೆ. ಮಾನಪ್ಪನಲ್ಲಿ ಒಂದು ಕೆಟ್ಟಿದೆ, ಗ್ಯಾನಮ್ಮನಲ್ಲೂ ಅದೇ ಕೆಟ್ಟಿದೆ. ಇಬ್ಬರೂ ಹೊರಗೆ ಸಂಬಂಧ ಮಾಡಿದರೆ ಭಯವಿಲ್ಲ. ಒಬ್ಬರಿಗೊಬ್ಬರು ಮಾತ್ರ ಬೇಡ.

"ಹೆಣ್ಣುಮರಿ ಬೆಳದ ಮ್ಯಾಲ ಹಿಂಡಿನಾಗಿನ ಟಗರು ಬದಲಿ ಮಾಡತೀವ್ರಿ," ಎಂದ ಮಾನಪ್ಪ. "ಕುರಿಗೆ ಇರೂ ಶಿಸ್ತು ನಮ್ಮ ಮನಿಗೆ ಇಲ್ಲ ನೋಡ್ರಿ."

ಡಾಕ್ಟರಮ್ಮನೂ ನಕ್ಕಳು. ಅವಳ ಜೀಪು ಹೋದ ಮೇಲೆ ಅವನು ಅಕ್ಕನನ್ನು ಹಟ್ಟಿಯ ಹಿಂದಕ್ಕೆ ಕರೆದ.

"ಗ್ಯಾನವ್ವಂದು ಯಾರಿಗೂ ಹೇಳಬ್ಯಾಡ, ಅಕ್ಕ. ಹುಡುಗಿ ರಕ್ತ ಕೆಟ್ಟೈತಿ ಅಂದ್ರ ಯಾರು ಮಾಡಿಕೊಂತಾರ? ದೋಷ ನನಗೊಬ್ಬಗ ಐತಿ ಅಂತ ನಾನ ಹೇಳತೀನಿ."

"ನಿನಗ್ಯಾರು ಹೆಣ್ಣು ಕೊಡತಾರಲೇ?"

"ನನಗ ಕುರಿ ಅದಾವಲ್ಲ."

ಚಹಾದಂಗಡಿಯಲ್ಲಿ ಅವನೇ ಹೇಳಿಕೊಂಡ. ಮಾತು ಲಿಂಗಸುಗೂರಿನವರೆಗೂ ಹೋಯಿತು. ಕನಕಮ್ಮ ತಮ್ಮನಿಗಾಗಿ ಒಂದೆರಡು ಕಡೆ ಹೆಣ್ಣು ಕೇಳಿದಳು. ಹೋದಲ್ಲೆಲ್ಲ ನೀರು ಕೊಟ್ಟರು, ಮಾತು ಬದಲಿಸಿದರು. ಗ್ಯಾನಮ್ಮನನ್ನು ಕಾಲುವೆ ಸೀಮೆಯ ವಳಕಮದಿನ್ನಿಗೆ, ರಕ್ತ ಸಂಬಂಧವಿಲ್ಲದ ಭತ್ತದ ಮನೆಗೆ ಕೊಟ್ಟರು. ಸೋದರಮಾವನಿಗೆ ದೋಷವಿದೆ, ಅದಕ್ಕೇ ಆತ ಬೇಡ ಎಂದಷ್ಟೇ ಕನಕಮ್ಮ ಮಗಳಿಗೂ ಹೇಳಿದ್ದಳು.

* * *

ಅಂಗಳದಲ್ಲಿ ಮಾನಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ರುಮಾಲು ಸುತ್ತಿ ಬಾಸಿಂಗ ಕಟ್ಟಿದ್ದರು. ಗಿಡ ಹಿಡಿದು ಹೆಣ್ಣಿನ ಕಡೆ ಕೂರಲು ಒಬ್ಬ ಮುತ್ತೈದೆ ಬೇಕು. ಆ ಮನೆತನದಲ್ಲಿ ಅದು ಸೋದರಸೊಸೆಯ ಪಾಲಿನ ಕೆಲಸ. ಎಲ್ಲರೂ ಗ್ಯಾನಮ್ಮನ ಕಡೆ ನೋಡಿದರು. ಅವಳು ಮಗನನ್ನು ಬಗಲಲ್ಲಿ ಎತ್ತಿಕೊಂಡು ಅತ್ತೆ ಮುದುಕಮ್ಮನ ಪಕ್ಕ ನಿಂತಿದ್ದಳು.

"ನಮ್ಮ ಸೊಸಿ ಮುಟ್ಟಂಗಿಲ್ರಿ," ಎಂದಳು ಮುದುಕಮ್ಮ. "ಆತನ ರಕ್ತ ಕೆಟ್ಟಿತ್ತಂತ ಊರಿಗೇ ಗೊತ್ತೈತಿ. ಇಕಿ ಇನ್ನೂ ಹಡಿಯಾಕಿ."

ಹೊನ್ನೂರಪ್ಪ ಬಿಸಿಲು ನೋಡಿದ. ಗಿಡವನ್ನು ನೆಲಕ್ಕೆ ಊರಿ ಮುಗಿಸೋಣ, ಹೊತ್ತಾಗುತ್ತಿದೆ ಎಂದ.

ಕನಕಮ್ಮ ವಿಧವೆ, ಅವಳು ಹಿಡಿಯುವಂತಿಲ್ಲ. ಬಾಯಿ ಬಿಟ್ಟರೆ ತಮ್ಮನ ಹೆಸರಿಗಂಟಿದ ಕಳಂಕ ತೊಳೆದಂತಾಗುತ್ತದೆ. ಬಾಯಿ ಬಿಟ್ಟರೆ ವಳಕಮದಿನ್ನಿಯಲ್ಲಿ ಮೊಮ್ಮಗ ಒಮ್ಮೆ ಎಡವಿ ಬಿದ್ದರೂ ಮಗಳ ರಕ್ತದ ಮಾತು ಬರುತ್ತದೆ. ಇಷ್ಟು ವರ್ಷ ನುಂಗಿಕೊಂಡಿದ್ದಳು. ಆದರೆ ಹೆಣ್ಣಿನ ಕಡೆ ಒಂದು ಜೀವವೂ ಇಲ್ಲದೆ ಅವನು ಮಣ್ಣಿಗೆ ಹೋಗುವುದನ್ನು ನೋಡಲಾಗಲಿಲ್ಲ. ಗೋಡೆ ಹಿಡಿದು ಎದ್ದಳು.

"ಬೀಗತಿ, ಒಂದು ಮಾತೈತಿ. ಆತನ ರಕ್ತ..."

"ಯವ್ವಾ, ಕುಂದ್ರು."

ಗ್ಯಾನಮ್ಮ ಹತ್ತಿರ ಬಂದು, ತಾಯಿಯ ಸೆರಗು ಸರಿಮಾಡುವವಳಂತೆ ಬಗ್ಗಿ ಕಿವಿಯಲ್ಲಿ ಹೇಳಿದಳು.

"ನನ್ನ ಲಗ್ನಕ್ಕ ಮೊದಲ ಮಾಮ ನನಗ ಎಲ್ಲಾ ಹೇಳ್ಯಾನ. ಈಗ ನೀ ಹೇಳಿದ್ರ ಆತ ಮಾಡಿದ್ದೆಲ್ಲ ಮಣ್ಣುಪಾಲ."

ಕನಕಮ್ಮ ಕುಳಿತಳು. ಗ್ಯಾನಮ್ಮ ತಿರುಗಿ ಹೋಗಿ ಮಗನನ್ನು ಮುದುಕಮ್ಮನ ಕೈಗೆ ಕೊಟ್ಟಳು.

"ಕೂಸಿನ್ನ ಹಿಡೀರಿ ಅತ್ತಿ. ನಮ್ಮ ಮಾಮನ ಲಗ್ನ, ನಾನ ಹಿಡೀತೀನಿ."

ಕೂಸು ಕೈಗೆ ಬಂದಿತ್ತು, ಮುದುಕಮ್ಮ ಹಿಡಿದುಕೊಳ್ಳಲೇಬೇಕಾಯಿತು.

ಗ್ಯಾನಮ್ಮ ಸೋದರಮಾವನ ಎದುರು ಚಕ್ಕಳಬಕ್ಕಳ ಹಾಕಿ ಕೂತು ಗಿಡವನ್ನು ನೆಟ್ಟಗೆ ಹಿಡಿದಳು. ಹೊನ್ನೂರಪ್ಪ ಅರಿಶಿನ ಕೊಂಬಿನ ದಾರವನ್ನು ಮಾನಪ್ಪನ ಬೆರಳಿಗೆ ಸಿಕ್ಕಿಸಿ ಕೈ ಎತ್ತಲು ನೋಡಿದ. ಮೈ ಆಗಲೇ ಸೆಟೆದುಕೊಂಡಿತ್ತು, ಕೈ ಮೇಲೇಳಲಿಲ್ಲ. ಇನ್ನೊಮ್ಮೆ ಎತ್ತಿದ. ದಾರ ಎಲೆಯಿಂದ ಗೇಣುದ್ದ ಈಚೆಗೇ ನಿಂತಿತು.

ಗ್ಯಾನಮ್ಮ ಮೊಣಕಾಲೂರಿ, ಎರಡೂ ಕೈಯಿಂದ ಗಿಡವನ್ನು ಅವನ ಕೈಯ ಕಡೆಗೆ ಬಗ್ಗಿಸಿದಳು.